ಸೀಟಿ ಜೇಬಿನಲ್ಲೇ ಇರಲಿ: ಕರ್ನಾಟಕದ ದೈಹಿಕ ಶಿಕ್ಷಣ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಕರೇ, ಶಿಕ್ಷಕಿಯರೇ,

ನಮಸ್ಕಾರ. ನಾನು ಬೆಂಗಳೂರಿನಲ್ಲಿ ಅಲ್ಟಿಮೇಟ್ ಆಡುವವಳು, ಬಿಡುವಾದಾಗಲೆಲ್ಲ ಮಕ್ಕಳಿಗೆ ಅದನ್ನು ಕಲಿಸುವವಳು. ಅಲ್ಟಿಮೇಟ್ ಎಂದರೆ ಫ್ರಿಸ್ಬೀ ಇಟ್ಟುಕೊಂಡು ಎರಡು ತಂಡಗಳು ಆಡುವ ಆಟ. ಪಾರ್ಕಿನಲ್ಲೋ ಕಡಲತೀರದಲ್ಲೋ ಜನ ಹೊತ್ತು ಹೋಗಲೆಂದು ಎಸೆದಾಡುವ ಪ್ಲಾಸ್ಟಿಕ್ ತಟ್ಟೆ ಎಂದಷ್ಟೇ ನಿಮ್ಮಲ್ಲಿ ಹಲವರಿಗೆ ಅದರ ಪರಿಚಯ ಇರಬಹುದು. ನನ್ನ ಕೋರಿಕೆ ಚಿಕ್ಕದು. ನಿಮ್ಮ ಶಾಲೆಯ ಒಂದು ತರಗತಿಗೆ ಈ ಆಟ ಕಲಿಸಿ. ಹುಡುಗ ಹುಡುಗಿಯರನ್ನು ಒಂದೇ ತಂಡದಲ್ಲಿ ಆಡಿಸಿ. ಆಟ ನಡೆಯುವಷ್ಟು ಹೊತ್ತು ನಿಮ್ಮ ಸೀಟಿ ಜೇಬಿನಲ್ಲೇ ಇರಲಿ.

ಕ್ರೀಡಾ ಇಲಾಖೆಗೋ ಮಂತ್ರಿಗಳಿಗೋ ಬರೆಯಬಹುದಿತ್ತು. ನಿಮಗೇ ಏಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮ ದೇಶದಲ್ಲಿ ಈ ಆಟ ಈಗ ಬಂದು ನಿಂತಿರುವ ಜಾಗದಿಂದ ಮುಂದಕ್ಕೆ ಒಯ್ಯಬಲ್ಲವರು ನೀವೇ ಎಂದು ನನಗೆ ಅನ್ನಿಸಿದೆ.

ಭಾರತದಲ್ಲಿ ಅಲ್ಟಿಮೇಟ್ ಬೇರು ಬಿಟ್ಟಿದ್ದು ಈ ಶತಮಾನದಲ್ಲಿ. ಅಹಮದಾಬಾದ್, ಚೆನ್ನೈ, ಬೆಂಗಳೂರು, ದೆಹಲಿ, ಮುಂಬೈಗಳಲ್ಲಿ ಮೊದಮೊದಲು ಹೊರದೇಶದಲ್ಲಿ ಓದಿ ಬಂದವರು, ಕಾಲೇಜು ವಿದ್ಯಾರ್ಥಿಗಳು, ಕಂಪನಿ ಉದ್ಯೋಗಿಗಳು ಸೇರಿ ಆಡುತ್ತಿದ್ದರು. ಚೆನ್ನೈನ ಬೆಸೆಂಟ್ ನಗರದ ಕಡಲತೀರದಲ್ಲಿ ಮಾತ್ರ ಬೇರೆ ಏನೋ ಆಯಿತು. ವಾರಾಂತ್ಯಕ್ಕೆ ಆಡಲು ಬರುತ್ತಿದ್ದವರ ಜೊತೆ ಅಲ್ಲೇ ಆಸುಪಾಸಿನ ಮೀನುಗಾರ ಕುಟುಂಬಗಳ ಹುಡುಗರು, ಹುಡುಗಿಯರು ಸೇರಿಕೊಂಡರು. ಮರಳಿನ ಮೇಲೆ ಓಡಿ ಬೆಳೆದ ಕಾಲುಗಳು ಅವು. ಕೆಲವೇ ವರ್ಷಗಳಲ್ಲಿ ಅವರು ದೇಶದ ಒಳ್ಳೊಳ್ಳೆಯ ಆಟಗಾರರ ಸಾಲಿನಲ್ಲಿ ನಿಂತರು. ಅದೇ ಊರಿನ ಚೆನ್ನೈ ಹೀಟ್ ಟೂರ್ನಿಗೆ ದೇಶದ ಮೂಲೆಮೂಲೆಯಿಂದ ತಂಡಗಳು ಬರತೊಡಗಿದವು. 2016ರಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ಗೆ ಭಾರತದ ಮಿಶ್ರ ತಂಡ ಹೋಯಿತು. 2024ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲೂ ಭಾರತ ಆಡಿತು.

ಇಷ್ಟು ಬೆಳೆದ ಆಟಕ್ಕೆ ಈಗ ಉಸಿರು ಕಟ್ಟುತ್ತಿದೆ. ನಗರದಲ್ಲಿ ಮೈದಾನ ಬೇಕೆಂದರೆ ಗಂಟೆ ಲೆಕ್ಕದಲ್ಲಿ ಟರ್ಫ್ ಬಾಡಿಗೆಗೆ ಹಿಡಿಯಬೇಕು. ಟೂರ್ನಿಗೆ ಹೋಗಲು ರೈಲು ಖರ್ಚು, ತಂಗುವ ಖರ್ಚು, ಪ್ರವೇಶ ಶುಲ್ಕ ಎಲ್ಲ ಸ್ವಂತದ್ದು. ವಿದೇಶಕ್ಕೆ ಆಯ್ಕೆಯಾದರಂತೂ ಸಂಬಳದ ಉಳಿತಾಯ ಕರಗಿಸಬೇಕು, ಇಲ್ಲವೇ ಊರವರ ಮುಂದೆ ಕೈಯೊಡ್ಡಬೇಕು. ನನಗೆ ಗೊತ್ತಿರುವ ಆಟಗಾರರಲ್ಲಿ ಹೆಚ್ಚಿನವರ ಕಥೆ ಇದೇ. ಹೀಗೇ ಮುಂದುವರಿದರೆ ದುಡ್ಡಿದ್ದವರಷ್ಟೇ ಉಳಿಯುವ ಆಟವಾಗುತ್ತದೆ ಇದು. ಚೆನ್ನೈನ ಮರಳಿನ ಮೇಲೆ ಆದದ್ದು ಹಾಸನ, ಕೊಪ್ಪಳ, ಚಾಮರಾಜನಗರದ ಶಾಲೆಯ ಮಣ್ಣಿನ ಮೇಲೆ ಆಗಬಾರದೇಕೆ? ಹಳ್ಳಿ ಶಾಲೆಗೆ ಕಾಂಪೌಂಡ್ ಇಲ್ಲದಿರಬಹುದು, ಲ್ಯಾಬ್ ಇಲ್ಲದಿರಬಹುದು. ಬಯಲು ಮಾತ್ರ ಬಹಳಷ್ಟು ಕಡೆ ಇದೆ, ಮತ್ತು ಆ ಬಯಲಿಗೆ ನೀವಿದ್ದೀರಿ.

ಆಟ ಹೀಗಿದೆ. 100 ಮೀಟರ್ ಉದ್ದ, 37 ಮೀಟರ್ ಅಗಲದ ಮೈದಾನ. ಆ ಉದ್ದದೊಳಗೇ ಎರಡೂ ತುದಿಗೆ 18 ಮೀಟರ್‌ನ ಒಂದೊಂದು ಪಟ್ಟಿ, ಅದಕ್ಕೆ ಎಂಡ್ ಝೋನ್ ಎನ್ನುತ್ತೇವೆ. ಒಂದೊಂದು ಕಡೆ ಏಳು ಜನ, 175 ಗ್ರಾಂ ತೂಕದ ಒಂದು ಡಿಸ್ಕ್, ಅಂದರೆ ಆ ಫ್ರಿಸ್ಬೀ ತಟ್ಟೆ. ಡಿಸ್ಕ್ ಕೈಗೆ ಬಂದವರು ಓಡುವಂತಿಲ್ಲ. ಒಂದು ಪಾದ ನೆಲಕ್ಕೂರಿ, ಎದುರು ನಿಂತು ತಡೆಯುವವರು ಗಟ್ಟಿಯಾಗಿ ಹತ್ತು ಎಣಿಸುವುದರೊಳಗೆ ಅದನ್ನು ಎಸೆದಿರಬೇಕು. ನೆಲಕ್ಕೆ ಬಿದ್ದರೆ, ಗೆರೆಯಾಚೆ ಹೋದರೆ, ಎದುರಾಳಿ ತಡೆದರೆ ಡಿಸ್ಕ್ ಅವರದ್ದು. ಎದುರಿನ ಎಂಡ್ ಝೋನ್ ಒಳಗೆ ನಮ್ಮವರು ಹಿಡಿದರೆ ಒಂದು ಪಾಯಿಂಟ್. ಪೂರ್ಣ ಪ್ರಮಾಣದ ಪಂದ್ಯ 15 ಪಾಯಿಂಟ್‌ಗೆ. ಅಷ್ಟು ದೊಡ್ಡ ಬಯಲು ಇಲ್ಲದಿದ್ದರೆ ಚಿಂತೆಯಿಲ್ಲ. ಕಡಲತೀರದ ಆಟವನ್ನು ಐದೈದು ಜನ 75 ಮೀಟರ್ ಉದ್ದ, 25 ಮೀಟರ್ ಅಗಲದಲ್ಲಿ ಆಡುತ್ತಾರೆ. ಇನ್ನೂ ಚಿಕ್ಕ ಜಾಗದಲ್ಲಿ ನಾಲ್ಕು ನಾಲ್ಕು ಜನರನ್ನು ಬಿಟ್ಟು ಆಡಿಸಿದರೂ ಕಲಿಕೆಗೆ ಕೊರತೆಯಿಲ್ಲ.

ನಿಮ್ಮ ಮಕ್ಕಳು ಅರ್ಧ ಆಟ ಆಗಲೇ ಕಲಿತಿದ್ದಾರೆ. ಕೊಕ್ಕೊ ಆಡುವ ಹುಡುಗಿ ಓಟದ ನಡುವೆ ದಿಕ್ಕು ಬದಲಿಸಿ ಬೆನ್ನಟ್ಟುವವರನ್ನು ತಪ್ಪಿಸುತ್ತಾಳಲ್ಲ, ನಾವು ಕಟ್ ಎನ್ನುವುದು ಅದನ್ನೇ. ಅವಳು ಮೈಚಾಚಿ ನೆಲಕ್ಕೆ ಹಾರಿ ಮುಟ್ಟುವ ಡೈವ್ ನಮ್ಮಲ್ಲಿ ಲೇಔಟ್. ನಗರದ ಆಟಗಾರರು ಅದನ್ನು ಕಲಿಯಲು ವರ್ಷಗಟ್ಟಲೆ ಹೆಣಗುತ್ತಾರೆ. ಥ್ರೋಬಾಲ್ ಆಡಿದವಳಿಗೆ ಎತ್ತರದಲ್ಲಿ ಎರಡು ಕೈಯಲ್ಲಿ ಭದ್ರವಾಗಿ ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಬಡ್ಡಿ ಆಡಿದವರ ಕಣ್ಣು ಎದುರಾಳಿಯ ಸೊಂಟದ ಮೇಲೇ ಇರುತ್ತದೆ, ಒಳ್ಳೆಯ ರಕ್ಷಣಾ ಆಟಗಾರನ ಕಣ್ಣೂ ಅಲ್ಲೇ ಇರಬೇಕು. ಹೊಸದಾಗಿ ಕಲಿಸಬೇಕಾದದ್ದು ಎಸೆತ ಮಾತ್ರ: ಮೊದಲು ಬ್ಯಾಕ್‌ಹ್ಯಾಂಡ್, ಆಮೇಲೆ ಫೋರ್‌ಹ್ಯಾಂಡ್. ಬಲವಿದ್ದ ಹುಡುಗರು ತೋಳು ಬೀಸಿ ಎಸೆಯುತ್ತಾರೆ, ಡಿಸ್ಕ್ ಪಲ್ಟಿ ಹೊಡೆದು ಬೀಳುತ್ತದೆ. ಮಣಿಕಟ್ಟಿನಿಂದ ತಿರುವು ಕೊಟ್ಟಾಗಲೇ ಅದು ಗಾಳಿಯಲ್ಲಿ ಸಮನಾಗಿ ನಿಲ್ಲುವುದು. ಮೈಕಟ್ಟು ನೋಡಿ ಮಕ್ಕಳನ್ನು ಆರಿಸುವ ಅಭ್ಯಾಸ ಇಲ್ಲಿ ಬೇಗ ಬಿಟ್ಟುಹೋಗುತ್ತದೆ.

ಈಗ ಸೀಟಿಯ ಮಾತು. ನಾನು ಈ ಪತ್ರ ಬರೆಯಲು ಕೂತದ್ದೇ ಇದಕ್ಕಾಗಿ.

ವಿಶ್ವ ಫ್ಲೈಯಿಂಗ್ ಡಿಸ್ಕ್ ಒಕ್ಕೂಟದ ನಿಯಮದಂತೆ ಅಲ್ಟಿಮೇಟ್‌ಗೆ ತೀರ್ಪುಗಾರರಿಲ್ಲ. ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲೂ ಇಲ್ಲ. ಫೌಲ್ ಆಯಿತೆಂದು ಹೇಳುವವರೂ ಆಟಗಾರರೇ, ಒಪ್ಪುವವರೂ ನಿರಾಕರಿಸುವವರೂ ಆಟಗಾರರೇ. ಇದನ್ನು ಹೇಳಿದೊಡನೆ ನನಗೆ ಶಿಕ್ಷಕರಿಂದ ಬರುವ ಮೊದಲ ಪ್ರಶ್ನೆ: ಮಕ್ಕಳು ಮೋಸ ಮಾಡುವುದಿಲ್ಲವೇ?

ಎಂಟನೇ ತರಗತಿಯ ಹುಡುಗಿಯೊಬ್ಬಳು ಡಿಸ್ಕಿಗೆ ಜಿಗಿದಿದ್ದಾಳೆ ಎಂದುಕೊಳ್ಳಿ. ಹಿಂದಿನಿಂದ ಬಂದ ಹುಡುಗ ಅವಳ ತೋಳಿಗೆ ಬಡಿದ, ಡಿಸ್ಕ್ ಬಿತ್ತು. ಅವಳು ಕೂಡಲೇ 'ಫೌಲ್' ಎಂದು ಕೂಗಬೇಕು. ಆ ಕ್ಷಣಕ್ಕೆ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ಇಬ್ಬರೂ ತಾವು ಕಂಡದ್ದನ್ನು ಹೇಳಿಕೊಳ್ಳುತ್ತಾರೆ. ಅವನು 'ಹೌದು, ತಾಗಿತು' ಎಂದರೆ ಅವಳು ಹಿಡಿದಳೆಂದೇ ಲೆಕ್ಕ, ಡಿಸ್ಕ್ ಅವಳ ಕೈಗೆ. ಅವನು ಒಪ್ಪದೆ 'ಕಾಂಟೆಸ್ಟ್' ಎಂದರೆ ಡಿಸ್ಕ್ ಎಸೆದವರ ಬಳಿಗೆ ಮರಳುತ್ತದೆ, ಆಟ ಅಲ್ಲಿಂದಲೇ ಮತ್ತೆ ಶುರು. ನಿಯಮದ ಜಾಣತನ ಇರುವುದು ಈ ಕೊನೆಯ ಸಾಲಿನಲ್ಲಿ. ಸುಳ್ಳು ಹೇಳಿದ ಹುಡುಗನಿಗೆ ಡಿಸ್ಕ್ ದಕ್ಕಲಿಲ್ಲ. ಸುಳ್ಳು ಫೌಲ್ ಕೂಗಿದ ಹುಡುಗಿಗೂ ಪಾಯಿಂಟ್ ದಕ್ಕಲಿಲ್ಲ. ಜಗಳವಾಡಿ ಗಿಟ್ಟಿಸುವಂಥದ್ದು ಹೆಚ್ಚೇನೂ ಇಲ್ಲದ ಕಾರಣ ಜಗಳ ತಾನಾಗಿ ಸಣ್ಣದಾಗುತ್ತದೆ. ಗೋಲಿ, ಚಿನ್ನಿದಾಂಡು, ಕುಂಟೆಬಿಲ್ಲೆ ಆಡುವಾಗ ನಮ್ಮ ಮಕ್ಕಳು ಯಾವ ಅಂಪೈರನ್ನು ಕರೆದಿದ್ದರು? ಬೀದಿಯಲ್ಲಿ ತಾವೇ ಆಡಿ ತಾವೇ ತೀರ್ಮಾನ ಮಾಡಿಕೊಳ್ಳುತ್ತಿದ್ದ ಮಕ್ಕಳ ಆ ಶಕ್ತಿಯನ್ನು ಶಾಲೆಯ ಮೈದಾನಕ್ಕೆ ಕಾಲಿಡುವಾಗ ನಾವು ಬಾಗಿಲಲ್ಲೇ ಬಿಡಿಸಿಬಿಡುತ್ತೇವೆ.

ಈ ಪದ್ಧತಿ ಎಲ್ಲ ಕಡೆ ಸುಸೂತ್ರವಾಗಿ ನಡೆಯುತ್ತದೆ ಎಂದು ನಾನು ಹೇಳಲಾರೆ. ಪಂದ್ಯ ಬಿಗಿಯಾದಾಗ ಸಣ್ಣಪುಟ್ಟ ತಾಗುವಿಕೆಗೂ ಫೌಲ್ ಕೂಗಿ ಎದುರಾಳಿಯ ಓಟ ಮುರಿಯುವವರಿದ್ದಾರೆ. ವಾದ ಎಳೆದು ಎಳೆದು ನೋಡುವವರಿಗೆ ಬೇಸರ ತರಿಸುವವರಿದ್ದಾರೆ. ಅದಕ್ಕೇ ವಿಶ್ವಮಟ್ಟದ ಪಂದ್ಯಗಳಲ್ಲಿ ಗೇಮ್ ಅಡ್ವೈಸರ್‌ಗಳಿರುತ್ತಾರೆ. ಅವರು ನಿಯಮ ತಿಳಿಸುತ್ತಾರೆ, ತಮಗೆ ಕಂಡದ್ದನ್ನು ಹೇಳುತ್ತಾರೆ, ತೀರ್ಪು ಮಾತ್ರ ಕೊಡುವುದಿಲ್ಲ. ಅಮೆರಿಕದ ವೃತ್ತಿಪರ ಲೀಗ್ ತೀರ್ಪುಗಾರರನ್ನೇ ಇಟ್ಟುಕೊಂಡಿದೆ. ಆಟ ಸ್ಪರ್ಧಾತ್ಮಕವಾಗಿ ಬೆಳೆದಂತೆಲ್ಲ ಭಾರತದಲ್ಲೂ ಈ ಚರ್ಚೆ ಬಿಸಿಯಾಗುತ್ತದೆ, ಆಗಲಿ. ದೊಡ್ಡವರ ಫೈನಲ್‌ಗೆ ಏನು ಬೇಕೋ ಅದನ್ನು ದೊಡ್ಡವರು ತೀರ್ಮಾನಿಸಿಕೊಳ್ಳಲಿ. ಶಾಲೆಯ ಮಟ್ಟದಲ್ಲಿ ಮಾತ್ರ ಈ ವಿಷಯದಲ್ಲಿ ರಾಜಿ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹದಿಮೂರರ ವಯಸ್ಸಿನಲ್ಲಿ ತನಗೆ ನಷ್ಟವಾದರೂ 'ಹೌದು, ನನ್ನ ಕೈ ತಾಗಿತು' ಎಂದು ಎಲ್ಲರೆದುರು ಹೇಳಿದ ಹುಡುಗ, ಇಪ್ಪತ್ತೈದರಲ್ಲಿ ದೇಶಕ್ಕಾಗಿ ಆಡುವಾಗಲೂ ಅದನ್ನು ಹೇಳಬಲ್ಲ. ಆ ವಯಸ್ಸು ದಾಟಿದ ಮೇಲೆ ಅದನ್ನು ಕಲಿಸುವುದು ಕಷ್ಟ. ನಾನು ಎರಡೂ ವಯಸ್ಸಿನವರಿಗೆ ಕಲಿಸಿ ನೋಡಿದ್ದೇನೆ.

ಸೀಟಿ ಜೇಬಿಗೆ ಹೋಯಿತೆಂದರೆ ನಿಮಗೆ ಕೆಲಸವಿಲ್ಲ ಎಂದಲ್ಲ. ಕೆಲಸ ಹೆಚ್ಚುತ್ತದೆ. ತೀರ್ಪುಗಾರ ನೋಡುವುದು ಯಾರು ತಪ್ಪು ಮಾಡಿದರು ಎಂಬುದನ್ನು. ನೀವು ನೋಡಬೇಕಾದದ್ದು ಯಾರು ಒಮ್ಮೆಯೂ 'ಫೌಲ್' ಎಂದು ಕೂಗುವುದೇ ಇಲ್ಲ ಎಂಬುದನ್ನು. ಪ್ರತಿ ತರಗತಿಯಲ್ಲೂ ಅಂಥ ಮಗು ಇರುತ್ತದೆ: ತೋಳಿಗೆ ಏಟು ಬಿದ್ದರೂ ಸುಮ್ಮನೆ ಡಿಸ್ಕ್ ಬಿಟ್ಟು ಹಿಂದಕ್ಕೆ ನಡೆಯುವ ಮಗು. ಮನೆಯಲ್ಲಿ, ಊರಿನಲ್ಲಿ, ತರಗತಿಯಲ್ಲಿ ದನಿ ಎತ್ತಬಾರದೆಂದು ಕಲಿತ ಮಕ್ಕಳು ಮೈದಾನದಲ್ಲೂ ಎತ್ತುವುದಿಲ್ಲ. ಊರಿನಲ್ಲಿ ಯಾರ ಮಾತು ನಡೆಯುತ್ತದೋ ಅವರ ಮಕ್ಕಳ ಮಾತೇ ಮೈದಾನದಲ್ಲೂ ನಡೆಯತೊಡಗಿದರೆ, ತೀರ್ಪುಗಾರರಿಲ್ಲದ ಆಟ ಬಲವಿದ್ದವರ ಆಟವಾಗಿಬಿಡುತ್ತದೆ. ಇದು ನಿಜವಾದ ಅಪಾಯ, ಇದನ್ನು ತಡೆಯಬಲ್ಲವರು ಶಿಕ್ಷಕರು ಮಾತ್ರ. ಆಟ ನಿಲ್ಲಿಸಿ ನೀವು ತೀರ್ಪು ಕೊಡಬೇಡಿ. ವಿರಾಮದಲ್ಲಿ ಆ ಮಗುವನ್ನು ಪಕ್ಕಕ್ಕೆ ಕರೆದು 'ಏನಾಯಿತು, ನೀನು ಏನು ನೋಡಿದೆ' ಎಂದು ಕೇಳಿ. ಮುಂದಿನ ಸಲ ಅದನ್ನೇ ಎದುರಿನವನಿಗೆ ಹೇಳು ಎನ್ನಿ. ದಬಾಯಿಸುವ ಹುಡುಗನನ್ನು ಕೋಚ್ ಆಗಿ ಎರಡು ಪಾಯಿಂಟ್ ಹೊರಗೆ ಕೂರಿಸುವ ಅಧಿಕಾರ ನಿಮಗೆ ಹೇಗೂ ಇದ್ದೇ ಇದೆ.

ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ವೃತ್ತವಾಗಿ ಬೆರೆತು ನಿಂತು ಮಾತಾಡುತ್ತಾರೆ. ಆಮೇಲೆ ಒಂದು ತಂಡ ಇನ್ನೊಂದಕ್ಕೆ ಸ್ಪಿರಿಟ್ ಅಂಕ ಕೊಡುತ್ತದೆ. ನಿಯಮದ ತಿಳಿವಳಿಕೆ, ಮೈತಾಗುವಿಕೆ, ನ್ಯಾಯಬುದ್ಧಿ, ಸಂಯಮ, ಮಾತಿನ ರೀತಿ ಹೀಗೆ ಐದು ವಿಷಯಗಳಿಗೆ ಒಂದೊಂದಕ್ಕೂ 0ಯಿಂದ 4ರವರೆಗೆ. ಎಲ್ಲದರಲ್ಲೂ 2 ಬಂದರೆ ಅದು ಒಳ್ಳೆಯ ಪಂದ್ಯ. ಸೋತ ಸಿಟ್ಟಿಗೆ 0 ಹಾಕುವುದು, ಗೆದ್ದ ಖುಷಿಗೆ 4 ಹಂಚುವುದು ಶುರುವಿನಲ್ಲಿ ಎಲ್ಲ ಕಡೆ ಆಗುತ್ತದೆ. ಏಕೆ ಕೊಟ್ಟೆವೆಂದು ಒಂದು ವಾಕ್ಯ ಬರೆಯಬೇಕೆಂದು ಹೇಳಿ ನೋಡಿ. ಕನ್ನಡ ಶಿಕ್ಷಕರೂ ನಿಮಗೆ ಕೃತಜ್ಞರಾಗಿರುತ್ತಾರೆ.

ಹುಡುಗ ಹುಡುಗಿಯರು ಒಟ್ಟಿಗೆ ಆಡುವ ವಿಷಯಕ್ಕೆ ಬರುತ್ತೇನೆ. ಭಾರತದಲ್ಲಿ ಅಲ್ಟಿಮೇಟ್ ಬೆಳೆದದ್ದೇ ಮುಖ್ಯವಾಗಿ ಮಿಶ್ರ ಆಟವಾಗಿ. ಏಳು ಜನರಲ್ಲಿ ಒಂದು ಪಾಯಿಂಟ್‌ಗೆ ನಾಲ್ವರು ಮಹಿಳೆಯರು ಮೂವರು ಪುರುಷರು, ಮತ್ತೊಂದಕ್ಕೆ ಅದರ ತಿರುಗುಮುರುಗು. ಮೊದಲ ಪಾಯಿಂಟಿನ ಅನುಪಾತ ಟಾಸ್‌ನಲ್ಲಿ ತೀರ್ಮಾನವಾಗುತ್ತದೆ, ಆಮೇಲೆ ಎರಡೆರಡು ಪಾಯಿಂಟಿಗೊಮ್ಮೆ ಬದಲಾಗುತ್ತದೆ. ಒಲಿಂಪಿಕ್ಸ್‌ನಲ್ಲಿಲ್ಲದ ಆಟಗಳಿಗೆಂದು ನಡೆಯುವ ವರ್ಲ್ಡ್ ಗೇಮ್ಸ್ ಎಂಬ ಕೂಟವಿದೆ; 2001ರಲ್ಲಿ ಜಪಾನಿನ ಅಕಿತಾದಲ್ಲಿ ಅದು ನಡೆದಾಗಿನಿಂದ ಈಚೆಗೆ ಆ ಕೂಟದಲ್ಲೂ ಇರುವುದು ಮಿಶ್ರ ಅಲ್ಟಿಮೇಟೇ.

ಕಾಗದದ ಮೇಲೆ ಸಮಾನತೆ ಇದ್ದರೆ ಸಾಲದು ಎಂದು ಆಡಿದ ಹೆಂಗಸರಿಗೆಲ್ಲ ಗೊತ್ತು. ನಾನು ಎಂಡ್ ಝೋನ್‌ನಲ್ಲಿ ಒಬ್ಬಳೇ, ಹತ್ತಿರದಲ್ಲಿ ಯಾರೂ ಇಲ್ಲದೆ ನಿಂತಿರುತ್ತೇನೆ. ಡಿಸ್ಕ್ ಹಿಡಿದ ಹುಡುಗ ನನ್ನನ್ನು ನೋಡುತ್ತಾನೆ, ನೋಡಿಯೂ ಇಬ್ಬರ ನಡುವೆ ಸಿಕ್ಕಿಬಿದ್ದ ತನ್ನ ಗೆಳೆಯನಿಗೇ ಎಸೆಯುತ್ತಾನೆ. ಡಿಸ್ಕ್ ಬೀಳುತ್ತದೆ. ಎಷ್ಟೋ ವರ್ಷ ಆಡಿದ ಮೇಲೂ ಇದು ನನ್ನನ್ನು ಕೆರಳಿಸುತ್ತದೆ. ಕೆಲವು ಕಡೆ 'ಹುಡುಗಿಯೊಬ್ಬಳು ಮುಟ್ಟಿದರೆ ಮಾತ್ರ ಪಾಯಿಂಟ್' ಎಂಬ ನಿಯಮ ಮಾಡಿ ಆಡಿಸುತ್ತಾರೆ. ಒಳ್ಳೆಯ ಉದ್ದೇಶವೇ. ಆದರೆ ಅದರಿಂದ ಹುಡುಗಿಗೆ ಹತ್ತಿರದ ಒಂದು ಸುಲಭ ಪಾಸ್ ಕೊಟ್ಟು ಕೈತೊಳೆದುಕೊಳ್ಳುವುದನ್ನು ಹುಡುಗರು ಕಲಿಯುತ್ತಾರೆ, ಅಷ್ಟೇ. ಇದಕ್ಕಿಂತ ಹುಡುಗಿಯರಿಗೆ ಎಸೆತ ಚೆನ್ನಾಗಿ ಕಲಿಸಿ, ಅವರನ್ನು ಹ್ಯಾಂಡ್ಲರ್ ಸ್ಥಾನದಲ್ಲಿ, ಅಂದರೆ ಡಿಸ್ಕ್ ಹಂಚಿ ಆಟ ಕಟ್ಟುವವರ ಜಾಗದಲ್ಲಿ ನಿಲ್ಲಿಸಿ. ಡಿಸ್ಕ್ ಅವರ ಕೈಯಿಂದಲೇ ಹೊರಡಬೇಕಾದಾಗ ಹುಡುಗರು ಅವರ ಕಣ್ಣನ್ನು ಹುಡುಕಿಕೊಂಡು ಓಡುತ್ತಾರೆ. ನಾಲ್ವರು ಹುಡುಗಿಯರಿರುವ ಪಾಯಿಂಟ್‌ಗಳನ್ನೇ ಹೆಚ್ಚು ಆಡಿಸಿ.

ಮನೆಯವರು ಒಪ್ಪುವುದಿಲ್ಲ ಎನ್ನುವಿರಿ. ಕೆಲವರು ಒಪ್ಪುವುದಿಲ್ಲ, ನಿಜ. ಈ ಆಟದಲ್ಲಿ ಮೈತಾಗಿಸುವುದೇ ತಪ್ಪು ಎಂಬುದನ್ನು ಅವರಿಗೆ ಹೇಳಿ. ಇನ್ನೂ ಅನುಮಾನವಿದ್ದರೆ ಮೈದಾನಕ್ಕೇ ಕರೆದು ತೋರಿಸಿ. ಪೋಷಕರ ಸಭೆಯ ಮಾತಿಗಿಂತ ಒಂದು ಪಂದ್ಯ ನೋಡಿದ್ದು ಹೆಚ್ಚು ಕೆಲಸ ಮಾಡುತ್ತದೆ.

ಸರ್ಟಿಫಿಕೇಟಿನ ಪ್ರಶ್ನೆಯಿಂದ ನಾನು ತಪ್ಪಿಸಿಕೊಳ್ಳುವುದಿಲ್ಲ. ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಮೇಲೇರುವ ಕ್ರೀಡಾಕೂಟಗಳಿಗೆ ತಂಡ ತಯಾರು ಮಾಡುವ ಒತ್ತಡ ನಿಮ್ಮ ಮೇಲಿದೆ. ಒಳ್ಳೆಯ ಕಬಡ್ಡಿ ಆಟಗಾರನಿಗೆ ಆ ದಾರಿಯಲ್ಲಿ ಕಾಲೇಜು ಸೀಟೋ, ಮುಂದೆ ನೌಕರಿಯೋ ಸಿಗಬಹುದು. ಅಲ್ಟಿಮೇಟ್ ಆಡಿದರೆ ಅಂಥದ್ದು ಸಿಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2015ರಲ್ಲಿ ವಿಶ್ವ ಫ್ಲೈಯಿಂಗ್ ಡಿಸ್ಕ್ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿದೆ. ಆದರೂ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸೇರಿದ ಹೊಸ ಆಟಗಳಲ್ಲಿ ಕ್ರಿಕೆಟ್ ಇತ್ತು, ಸ್ಕ್ವಾಷ್ ಇತ್ತು, ನಮ್ಮ ಆಟ ಇರಲಿಲ್ಲ. ಆದ್ದರಿಂದ ನಿಮ್ಮ ರೈಡರನ್ನು, ನಿಮ್ಮ ಓಟಗಾರ್ತಿಯನ್ನು ಅವರವರ ಆಟದಿಂದ ಎಬ್ಬಿಸಿ ನಮಗೆ ಕೊಡಿ ಎಂದು ಕೇಳುತ್ತಿಲ್ಲ. ನಾನು ಕೇಳುತ್ತಿರುವುದು ಯಾವ ತಂಡಕ್ಕೂ ಆಯ್ಕೆಯಾಗದೆ ಪಿ.ಟಿ. ಪೀರಿಯಡ್‌ನಲ್ಲಿ ಮರದ ನೆರಳಿಗೆ ಕೂರುವ ಮಿಕ್ಕ ಮೂವತ್ತು ಮಕ್ಕಳನ್ನು.

ಖರ್ಚು ಕಡಿಮೆ. ಡಿಸ್ಕಿಗೆ ಗಾಳಿ ತುಂಬಬೇಕಿಲ್ಲ, ಅದರ ಹೊಲಿಗೆ ಬಿಚ್ಚುವುದಿಲ್ಲ, ನೆಟ್ಟೂ ಕಂಬವೂ ಬೇಡ. ಗೆರೆಗೆ ಸುಣ್ಣದ ಪುಡಿ, ಮೂಲೆಗೆ ಚಪ್ಪಲಿ ಸಾಕು. ಗಾಳಿ ಜೋರಾಗಿರುವ ಆಷಾಢದಲ್ಲಿ ಮಾತ್ರ ಹೊಸಬರಿಗೆ ಕಲಿಸಲು ಹೋಗಬೇಡಿ, ಡಿಸ್ಕ್ ಹೇಳಿದ ಮಾತು ಕೇಳುವುದಿಲ್ಲ, ಮಕ್ಕಳು ನಿರಾಶರಾಗುತ್ತಾರೆ.

ಇನ್ನು ನನ್ನ ಜೊತೆ ಆಡುವ ಕ್ಲಬ್ಬಿನವರಿಗೂ ಇದೇ ಪತ್ರದಲ್ಲಿ ಎರಡು ಮಾತು. ಆಟ ಬೆಳೆಯಬೇಕೆಂದು ಪ್ರತಿ ಟೂರ್ನಿಯ ಕೊನೆಗೂ ಮಾತಾಡಿಕೊಳ್ಳುತ್ತೇವೆ. ಶನಿವಾರ ಬೆಳಗ್ಗೆ ಸರ್ಕಾರಿ ಶಾಲೆಗಳಲ್ಲಿ ಸಾಮೂಹಿಕ ಕವಾಯತು ಮುಗಿಯುವ ಹೊತ್ತಿಗೆ ನಮ್ಮಲ್ಲಿ ಎಷ್ಟು ಜನ ಅಲ್ಲಿರುತ್ತೇವೆ? ಹಳೆಯ ಡಿಸ್ಕ್‌ಗಳು ನಮ್ಮ ಬ್ಯಾಗುಗಳಲ್ಲಿ ಕೊಳೆಯುತ್ತಿವೆ, ಅವನ್ನು ಕೊಡೋಣ. ನಿಯಮಗಳನ್ನು ಹಳ್ಳಿಯ ಮಗುವಿಗೂ ಅರ್ಥವಾಗುವ ಕನ್ನಡದಲ್ಲಿ ಹೇಳೋಣ. ನಾವು ಆಡುವಾಗ ಸ್ಟಾಲ್, ಅಂದರೆ ಎಸೆಯುವವರೆದುರು ನಿಂತು ಹತ್ತರವರೆಗೆ ಮಾಡುವ ಆ ಎಣಿಕೆ, ನಡೆಯುವುದು ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಒಂದು, ಎರಡು, ಮೂರು ಎಂದೇ ಎಣಿಸಲಿ. ಆಯ್ಕೆ ಶಿಬಿರಗಳನ್ನು ನಡೆಸುವವರಿಗೆ ಒಂದು ವಿನಂತಿ: ಜಿಲ್ಲೆಗಳಿಂದ ಬರುವ ಮಕ್ಕಳ ಪ್ರಯಾಣದ ಖರ್ಚನ್ನು ಶಿಬಿರದ ಲೆಕ್ಕದಲ್ಲೇ ಸೇರಿಸಿ. ನಗರದ ನಾವು ಪ್ರತಿಯೊಬ್ಬರೂ ಸ್ವಲ್ಪ ಹೆಚ್ಚು ಶುಲ್ಕ ಕೊಟ್ಟರೆ ಅದು ಹೊರಲಾರದ ಭಾರವಾಗದು.

ಶಿಕ್ಷಕರೇ, ಆರಂಭಕ್ಕೆ ಒಂದು ಸಲಹೆ. ಎಂಟನೇ ತರಗತಿ ತೆಗೆದುಕೊಳ್ಳಿ, ಹತ್ತನೆಯವರಿಗೆ ಪರೀಕ್ಷೆಯ ಗಡಿಬಿಡಿ. ವಾರಕ್ಕೊಂದು ಪೀರಿಯಡ್, ದಸರಾ ರಜೆ ಮುಗಿದ ಮೇಲೆ ಶುರುಮಾಡಿ ಡಿಸೆಂಬರ್‌ವರೆಗೆ. ಮೊದಲ ವಾರಗಳಲ್ಲಿ ಎಸೆತ, ಹಿಡಿತ ಮಾತ್ರ. ಆಮೇಲೆ ನಾಲ್ಕು ನಾಲ್ಕು ಜನರ ಆಟ. ಮೊದಲ ಪಂದ್ಯದಲ್ಲಿ ಫೌಲ್ ವಾದ ಎದ್ದಾಗ ಮಕ್ಕಳೆಲ್ಲ ತಿರುಗಿ ನಿಮ್ಮ ಮುಖ ನೋಡುತ್ತಾರೆ. ಆಗ ನೀವು ಏನೂ ಹೇಳಬೇಡಿ. ಮುಂದಿನ ವರ್ಷದ ತಾಲ್ಲೂಕು ಕ್ರೀಡಾಕೂಟದಲ್ಲಿ ಊಟದ ಬಿಡುವಿಗೆ ಒಂದು ಪ್ರದರ್ಶನ ಪಂದ್ಯಕ್ಕೆ ಜಾಗ ಕೇಳಿ. ಎದುರಾಳಿ ತಂಡ ಬೇಕೆಂದರೆ ಪಕ್ಕದ ಶಾಲೆಯ ನಿಮ್ಮ ಸಹೋದ್ಯೋಗಿಗೆ ಈ ಪತ್ರ ಓದಲು ಕೊಡಿ.

ಗೌರವಪೂರ್ವಕವಾಗಿ,
ಬೆಂಗಳೂರಿನ ಒಬ್ಬ ಅಲ್ಟಿಮೇಟ್ ಆಟಗಾರ್ತಿ